ಎಂಜಿನ್ ನಿಂತ ಹೆಲಿಕಾಪ್ಟರ್ ಇಳಿಯುವುದು ಹೇಗೆ?

ಚಂದಕವಾಡಿ, ಚಾಮರಾಜನಗರದ ಕಡೆಯ ಓದುಗರಿಗೆ 2023ರ ಜೂನ್ 1 ನೆನಪಿರಬಹುದು. ಬೆಂಗಳೂರಿನ ವಾಯುನೆಲೆಯಿಂದ ತರಬೇತಿ ಹಾರಾಟಕ್ಕೆ ಹೊರಟಿದ್ದ ವಾಯುಪಡೆಯ ಕಿರಣ್ ವಿಮಾನವೊಂದು ಚಾಮರಾಜನಗರ ತಾಲ್ಲೂಕಿನ ಭೋಗಾಪುರದ ಬಳಿ ನೆಲಕ್ಕಪ್ಪಳಿಸಿತು. ಅದರಲ್ಲಿದ್ದ ಇಬ್ಬರು ಪೈಲಟ್‌ಗಳೂ ಆಸನ ಸಮೇತ ಹೊರಚಿಮ್ಮಿ, ಪ್ಯಾರಾಚೂಟ್ ನೆರವಿನಿಂದ ಇಳಿದು ಬದುಕಿಕೊಂಡರು. ಕಿರಣ್ ನಮ್ಮ ಎಚ್‌ಎಎಲ್ ರೂಪಿಸಿದ, 1964ರಲ್ಲಿ ಮೊದಲು ಹಾರಿದ ಜೆಟ್ ತರಬೇತಿ ವಿಮಾನ. ಹಿಡಿ ಎಳೆದೊಡನೆ ಸಿಡಿಮದ್ದಿನ ಅನಿಲ ಅದರ ಆಸನವನ್ನು ಮೇಲಕ್ಕೆ ಎಸೆಯುತ್ತದೆ. ಬಳಿಕ ಪ್ಯಾರಾಚೂಟ್ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇದೇ ಗತಿ ಹೆಲಿಕಾಪ್ಟರಿಗೆ ಒದಗಿದ್ದರೆ? ಅಲ್ಲಿ ಮೇಲಕ್ಕೆ ಚಿಮ್ಮುವಂತಿಲ್ಲ. ನೆತ್ತಿಯ ಮೇಲೆಯೇ ರೋಟರಿನ ಅಲಗುಗಳು ತಿರುಗುತ್ತಿರುತ್ತವೆ. ರಷ್ಯದ ಕೆಎ-50ರಲ್ಲಿ ಮೊದಲು ಅಲಗುಗಳನ್ನೇ ಸಿಡಿಸಿ ಕಳಚುವ ಏರ್ಪಾಡಿದೆ. ಅದು ತೀರ ಅಪರೂಪ. ಸಾಮಾನ್ಯವಾಗಿ ಪೈಲಟ್ ಯಂತ್ರದೊಂದಿಗೇ ಕೆಳಗಿಳಿಯಬೇಕು. ಎಂಜಿನ್ ನಿಂತರೆ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ.

ಸೈಕಲ್ ತುಳಿಯುವುದನ್ನು ನಿಲ್ಲಿಸಿದರೂ ಹಿಂದಿನ ಚಕ್ರ ಉರುಳುತ್ತಲೇ ಇರುತ್ತದೆ, ಅಲ್ಲವೇ? ಫ್ರೀವೀಲ್ ಅದಕ್ಕೆ ಕಾರಣ. ಹೆಲಿಕಾಪ್ಟರಿನಲ್ಲೂ ಅಂಥದೇ ವ್ಯವಸ್ಥೆ ಇದೆ. ಎಂಜಿನ್ ಸತ್ತೊಡನೆ ರೋಟರ್ ಅದರಿಂದ ಬೇರ್ಪಡುತ್ತದೆ. ಆದರೆ ಅಲಗುಗಳು ಗಾಳಿಯನ್ನು ಓರೆಯಾಗಿ ಸೀಳುತ್ತಿರುವುದರಿಂದ ಬೇಗನೆ ನಿಧಾನವಾಗತೊಡಗುತ್ತವೆ. ಆಗ ಪೈಲಟ್ ಎಡಗೈಯ ಸನ್ನೆಯನ್ನು ತಗ್ಗಿಸಿ ಅಲಗುಗಳ ಓರೆಯನ್ನು ಕಡಿಮೆ ಮಾಡಬೇಕು. ಹಗುರ ಹೆಲಿಕಾಪ್ಟರುಗಳಲ್ಲಿ ಇದಕ್ಕೆ ಸಿಗುವ ಸಮಯ ಒಂದೆರಡು ಸೆಕೆಂಡು ಮಾತ್ರ. ಯಂತ್ರ ಇಳಿಯುತ್ತಿದ್ದಂತೆ ಕೆಳಗಿನಿಂದ ನುಗ್ಗುವ ಗಾಳಿಯೇ ರೋಟರನ್ನು ತಿರುಗಿಸುತ್ತದೆ. ಇದು ಆಟೋರೊಟೇಶನ್. ಮಾಧವಿ ಬಳ್ಳಿಯ ರೆಕ್ಕೆಯುಳ್ಳ ಕಾಯಿ ಗಿರಗಿರನೆ ಸುತ್ತುತ್ತ ಇಳಿಯುವುದನ್ನು ನೋಡಿದ್ದರೆ ಚಿತ್ರ ಕಣ್ಣಿಗೆ ಕಟ್ಟೀತು.

ಲೆಕ್ಕ ಹಾಕಿ ನೋಡಿ. ಗಾಳಿಯ ತಡೆಯನ್ನು ಬಿಟ್ಟರೆ, 150 ಮೀಟರ್ ಎತ್ತರದಿಂದ ಬಿದ್ದ ಕಲ್ಲು ಸುಮಾರು 5.5 ಸೆಕೆಂಡಿನಲ್ಲಿ, ಸೆಕೆಂಡಿಗೆ 54 ಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಆಟೋರೊಟೇಶನ್‌ನಲ್ಲಿ ಇಳಿಯುವ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಅದೂ ಅಪಾಯಕಾರಿಯೇ. ಆದ್ದರಿಂದ ನೆಲ ಸಮೀಪಿಸಿದಾಗ ಪೈಲಟ್ ಮೂತಿಯನ್ನು ಎತ್ತಿ ವೇಗ ಕುಗ್ಗಿಸುತ್ತಾನೆ. ಕೊನೆಯ ಗಳಿಗೆಯಲ್ಲಿ ಸನ್ನೆಯನ್ನು ಮೇಲಕ್ಕೆಳೆದು, ತಿರುಗುವ ರೋಟರಿನಲ್ಲಿ ಕೂಡಿಟ್ಟ ಚಲನಶಕ್ತಿಯನ್ನು ಎತ್ತುಬಲವಾಗಿ ಖರ್ಚು ಮಾಡುತ್ತಾನೆ. ಈ ಉಳಿತಾಯ ಒಂದೇ ಸಲಕ್ಕೆ. ಶಕ್ತಿ ಕೋನೀಯ ವೇಗದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ರೋಟರಿನ ವೇಗ ಶೇ. 80ಕ್ಕೆ ಇಳಿದಿದ್ದರೆ ಕೈಯಲ್ಲಿ ಉಳಿಯುವುದು ಶೇ. 64 ಮಾತ್ರ. ಸನ್ನೆಯನ್ನು ಬೇಗ ಎಳೆದರೆ ಶಕ್ತಿ ಮೇಲೆಯೇ ಮುಗಿಯುತ್ತದೆ, ತಡವಾದರೆ ನೆಲ ಬಡಿಯುತ್ತದೆ. ತರಬೇತಿಯಲ್ಲಿ ಇದನ್ನೇ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಆ ಅಭ್ಯಾಸವೇ ಕೆಲವೊಮ್ಮೆ ಅಪಘಾತಕ್ಕೆ ಎಡೆಮಾಡುವುದೂ ಉಂಟು.

ಇನ್ನೊಂದು ತೊಡಕು: ಮುಂಚಲನೆಯಿಲ್ಲದೆ ಮೂವತ್ತು ಮೀಟರ್ ಎತ್ತರದಲ್ಲಿ ನಿಂತಿರುವಾಗ ಎಂಜಿನ್ ಕೈಕೊಟ್ಟರೆ ಗಾಳಿಯ ನೆರವು ಪಡೆಯಲು ಇಳಿಜಾಗವೇ ಸಾಲದು. ಪ್ರತಿ ಹೆಲಿಕಾಪ್ಟರಿನ ಕೈಪಿಡಿಯಲ್ಲೂ ಇಂಥ ಎತ್ತರ–ವೇಗಗಳ ಅಪಾಯವಲಯವನ್ನು ನಕ್ಷೆಯಲ್ಲಿ ಗುರುತಿಸಿರುತ್ತಾರೆ.

ತರಗತಿಯಲ್ಲಿ ಇದನ್ನು ತೋರಿಸಬಹುದು. ಕಾಗದದ ಪಟ್ಟಿಯೊಂದರ ಮೇಲರ್ಧವನ್ನು ಉದ್ದಕ್ಕೆ ಸೀಳಿ, ಎರಡು ರೆಕ್ಕೆಗಳನ್ನು ಎದುರುಬದುರಾಗಿ ಮಡಿಸಿ, ಬುಡಕ್ಕೆ ಗುಂಡುಸೂಜಿ ಅಥವಾ ಕ್ಲಿಪ್ ಸಿಕ್ಕಿಸಿ. ಮಹಡಿಯಿಂದ ಬಿಟ್ಟರೆ ಸುತ್ತುತ್ತ ಇಳಿಯುತ್ತದೆ. ಈಗ ಮೊಣಕಾಲೆತ್ತರದಿಂದ ಬಿಟ್ಟು ನೋಡಿ. ತಿರುಗಲು ತೊಡಗುವ ಮುನ್ನವೇ ನೆಲ ಸೇರಿರುತ್ತದೆ.