ದನಕ್ಕೆ ಹಾಕಿದ ಗೇಟು ಗಾಲಿಕುರ್ಚಿಗೂ ಬೇಲಿ

ಗದಗ: ಊರಿನಿಂದ ಮುಳಗುಂದ ರಸ್ತೆ ಹಿಡಿದು ಹೊರಟರೆ ಮಲ್ಲಸಮುದ್ರದ ಹತ್ತಿರ ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸಿಗುತ್ತದೆ. 2015ರಲ್ಲಿ ಆರಂಭವಾದ ಈ ಸಂಸ್ಥೆಗೆ ಜನ ಇಟ್ಟ ಹೆಸರು ‘ಜಿಮ್ಸ್ ದವಾಖಾನಿ’. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ, ರೋಣ, ನರಗುಂದ ಎಲ್ಲ ಕಡೆಯ ರೋಗಿಗಳೂ ಇಲ್ಲಿಗೇ ಬರಬೇಕು. ಕಾಲಿಲ್ಲದವರು, ಕಣ್ಣಿಲ್ಲದವರು, ಕಿವಿ ಕೇಳದವರು ಅಂಗವಿಕಲತೆಯ ಸರ್ಟಿಫಿಕೇಟಿಗಾಗಿ ಹತ್ತಬೇಕಾದ ಮೆಟ್ಟಿಲೂ ಜಿಲ್ಲಾ ದವಾಖಾನೆಯದೇ. ಡಾಕ್ಟರು ಪರೀಕ್ಷಿಸಿ ‘ಇಷ್ಟು ಪರ್ಸೆಂಟು’ ಎಂದು ಬರೆಯುತ್ತಾರೆ. ಶೇಕಡಾ 40 ದಾಟಿದರೆ ಸರಕಾರದ ಬಹುತೇಕ ಸೌಲಭ್ಯಗಳ ಬಾಗಿಲು ತೆರೆಯುತ್ತದೆ.

ಆದರೆ ಸರ್ಟಿಫಿಕೇಟು ಕಿಸೆಯಲ್ಲಿದ್ದರೂ ಊರ ಉದ್ಯಾನದ ಬಾಗಿಲು ತೆರೆಯುವುದಿಲ್ಲ!

ದೂರದ ಹಳ್ಳಿಯಿಂದ ಹನ್ನೆರಡು ವರ್ಷದ ಮಗನನ್ನು ಗಾಲಿಕುರ್ಚಿಯಲ್ಲಿ ಕೂಡಿಸಿಕೊಂಡು ತಾಯಿಯೊಬ್ಬಳು ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಚೀಟಿ ಮಾಡಿಸಿ, ಸರದಿಯಲ್ಲಿ ನಿಂತು ದವಾಖಾನೆಯ ಕೆಲಸ ಮುಗಿಯಿತು. ಊರಿಗೆ ಹೋಗುವ ಬಸ್ಸಿಗೆ ಇನ್ನೂ ಮೂರು ತಾಸು ಇದೆ. ಬಿಸಿಲು ನೆತ್ತಿ ಸುಡುತ್ತಿದೆ. ಹುಡುಗನಿಗೆ ಗಾರ್ಡನ್ ನೋಡುವ ಆಸೆ. ಹೋದರೆ ಅಲ್ಲಿ ದೊಡ್ಡ ಗೇಟಿಗೆ ಬೀಗ, ಪಕ್ಕದಲ್ಲಿ ಮೈ ತಿರುಗಿಸಿ ದಾಟುವ ಕಬ್ಬಿಣದ ಸಂದು. ಕುರ್ಚಿ ಅದರಲ್ಲಿ ಹಿಡಿಯುವುದಿಲ್ಲ.

“ಅಣ್ಣಾರ, ಆ ದೊಡ್ಡ ಗೇಟ್ ಒಂದೀಟು ತಗೀರಿ.”

“ಕೀಲಿ ನನ್ ಕಡೆ ಇಲ್ರೀ ಅಕ್ಕಾರ. ಗೇಟ್ ತಗದ್ರ ದನ ಬರ್ತಾವು, ಬೈಕ್ ಬರ್ತಾವು. ಹುಡುಗನ್ನ ಎತ್ಕೊಂಡ್ ಬರ್ರಿ, ಕುರ್ಚಿ ಇಲ್ಲೇ ಇರ್ಲಿ.”

ಹನ್ನೆರಡು ವರ್ಷದ ಹುಡುಗನನ್ನು ಎಷ್ಟು ದೂರ ಎತ್ತುವುದು? ಕೊನೆಗೆ ಹುಡುಗನೇ ಹೇಳುತ್ತಾನೆ: “ಯವ್ವಾ, ನೀ ಹೋಗಿ ನೋಡ್ಕೊಂಡ್ ಬಾ. ನಾ ಇಲ್ಲೇ ಕುಂದರತೀನಿ.”

ಇದು ಒಬ್ಬ ತಾಯಿಯ, ಒಂದು ಗೇಟಿನ ಕಥೆಯಲ್ಲ. ಇಂಥ ಸಂದುಗೇಟು ಇರುವ ಯಾವ ಊರಿನ ಹೆಸರು ಹಾಕಿದರೂ ಈ ಕಥೆ ಹೊಂದುತ್ತದೆ.

ಯಾರೂ ಬೇಕೆಂದು ಮಾಡಿದ್ದಲ್ಲ

ನ್ಯಾಯವಾಗಿ ಹೇಳಬೇಕೆಂದರೆ, ಅಂಗವಿಕಲರನ್ನು ತಡೆಯಲೆಂದು ಯಾರೂ ಸಂದುಗೇಟು ಹಾಕುವುದಿಲ್ಲ. ಹಚ್ಚಿದ ಸಸಿಯನ್ನು ಬಿಡಾಡಿ ದನ ಒಂದೇ ರಾತ್ರಿಗೆ ನೆಕ್ಕಿ ಹೋಗುತ್ತವೆ. ಕಾಲುದಾರಿಯಲ್ಲಿ ಪುಂಡ ಹುಡುಗರು ಮೋಟಾರ್ ಸೈಕಲ್ ಓಡಿಸುತ್ತಾರೆ. ಮಾಲಿಯ ಸಂಕಟ ಮಾಲಿಗೇ ಗೊತ್ತು. ಗೇಟು ಹಾಕಿದ್ದು ಅದಕ್ಕೆ.

ಇಲ್ಲಿ ಒಂದು ನಿಜವಾದ ತೊಡಕೂ ಇದೆ. ಗಾಲಿಕುರ್ಚಿ ಆರಾಮವಾಗಿ ಹಾಯಲು ಕನಿಷ್ಠ 90 ಸೆಂಟಿಮೀಟರ್, ಅಂದರೆ ಮೂರು ಫೂಟು ಜಾಗ ಬೇಕು. ಅಷ್ಟು ಜಾಗ ಬಿಟ್ಟರೆ ಬೈಕೂ ಒಳಗೆ ನುಗ್ಗುತ್ತದೆ. ಕುರ್ಚಿಯನ್ನು ಮಾತ್ರ ಬಿಟ್ಟು ಬೈಕನ್ನು ತಡೆಯುವ ಜಾಣ ಕಬ್ಬಿಣವನ್ನು ಯಾವ ವೆಲ್ಡಿಂಗ್ ಅಂಗಡಿಯೂ ಮಾಡಿಕೊಡುವುದಿಲ್ಲ.

ಹಾಗಾದರೆ ದಾರಿ ಏನು? ದನಕ್ಕೊಂದು ಉಪಾಯ, ಬೈಕಿಗೆ ಇನ್ನೊಂದು. ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗಿನ ಹಗುರ ಬಾಗಿಲು, ಕುಳಿತವನ ಕೈಗೆ ಎಟುಕುವ ಚಿಲಕ ಇದ್ದರೆ ಸಾಕು. ಮನುಷ್ಯ ತೆರೆಯುತ್ತಾನೆ, ದನಕ್ಕೆ ಬಾರದು. ಬೈಕಿಗೆ ಮಾತ್ರ ಕಾವಲುಗಾರನೇ ಬೇಕು, ದಂಡವೇ ಬೇಕು. ಬೀಗ ಹಾಕಲೇಬೇಕಾದರೆ ಕೀಲಿ ಗೇಟಿನ ಬಳಿಯೇ ಇರುವ ಮನುಷ್ಯನ ಸೊಂಟದಲ್ಲಿರಲಿ, ಅವನ ಫೋನ್ ನಂಬರು ಗೇಟಿನ ಮೇಲೆ ದೊಡ್ಡದಾಗಿ ಬರೆದಿರಲಿ. ಬೈಕಿನವನ ತಪ್ಪಿಗೆ ಕುರ್ಚಿಯವನಿಗೆ ಶಿಕ್ಷೆ ಯಾವ ನ್ಯಾಯ?

ಅಡಿಗೆ ಹನ್ನೆರಡು ಅಡಿ

ಗೇಟು ದಾಟಿದರೆ ಪಾವಟಿಗೆಗಳು. ‘ರ‍್ಯಾಂಪ್ ಮಾಡೇವಲ್ರೀ’ ಎನ್ನುವವರಿದ್ದಾರೆ. ಆದರೆ ಎಂಥ ರ‍್ಯಾಂಪು? ಇದರ ಲೆಕ್ಕ ಬಹಳ ಸರಳ. ಒಂದು ಅಡಿ ಎತ್ತರ ಏರಲು ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಆರು ಇಂಚಿನ ಮೂರು ಪಾವಟಿಗೆ ಇದ್ದರೆ ಎತ್ತರ ಒಂದೂವರೆ ಅಡಿ ಆಯಿತು, ಇಳಿಜಾರು ಹದಿನೆಂಟು ಅಡಿ ಉದ್ದ ಇರಬೇಕು. ಅಗಲ ಕನಿಷ್ಠ ನಾಲ್ಕು ಅಡಿ. ಎರಡೂ ಬದಿಗೆ ಹಿಡಿಕೆ. ಕೆಳಗೂ ಮೇಲೂ ಕುರ್ಚಿ ನಿಂತು ತಿರುಗಲು ಐದು ಅಡಿಯ ಸಮತಟ್ಟು ಜಾಗ.

ಜಾಗ ಉಳಿಸಲೆಂದು ಪಾವಟಿಗೆಯ ಮೇಲೆಯೇ ನಾಲ್ಕು ಬುಟ್ಟಿ ಸಿಮೆಂಟು ಸುರಿದು ಇಳಿಜಾರು ಮಾಡಿದರೆ ಅದು ಜಾರುಬಂಡಿ. ಗಟ್ಟಿಮುಟ್ಟಾದ ಹಮಾಲನೂ ಅದರ ಮೇಲೆ ಕೈಗಾಡಿ ನೂಕಲಾರ. ಇಳಿಯುವಾಗ ಕುರ್ಚಿ ಕೈ ಬಿಟ್ಟರೆ ನೇರ ರಸ್ತೆಗೆ! ಹೀಗೆ ಫೋಟೋ ತೆಗೆಸಿ ಬಿಲ್ಲು ಮಾಡಲಷ್ಟೇ ಕಟ್ಟಿದ ರ‍್ಯಾಂಪು ಇರುವುದಕ್ಕಿಂತ ಇಲ್ಲದಿರುವುದೇ ಲೇಸು.

ಈ ಸೀಮೆಗೆ ಇನ್ನೂ ಒಂದು ಮಾತು ಸೇರಿಸಬೇಕು. ಗದಗ-ಮುಳಗುಂದ ಬಯಲು ಎರೆ ಭೂಮಿ. ಮಳೆಗಾಲಕ್ಕೆ ಉಬ್ಬುವ, ಬೇಸಿಗೆಗೆ ಬಾಯಿ ಬಿಡುವ ಮಣ್ಣು. ಅದರ ಮೇಲೆ ತೆಳ್ಳಗೆ ಉಸುಕು ಹರವಿ ಸಿಮೆಂಟ್ ಇಟ್ಟಿಗೆ ಜೋಡಿಸಿದರೆ ಎರಡೇ ವರ್ಷಕ್ಕೆ ಒಂದು ಏಳುತ್ತದೆ, ಒಂದು ಕುಸಿಯುತ್ತದೆ. ನಡೆಯುವವನು ನೋಡಿ ಹೆಜ್ಜೆ ಇಡುತ್ತಾನೆ. ಕುರ್ಚಿಯ ಮುಂದಿನ ಸಣ್ಣ ಗಾಲಿ ಸಂದಿನಲ್ಲಿ ಸಿಕ್ಕಿದರೆ ಕುಳಿತವನು ಮುಗ್ಗರಿಸಿ ಬೀಳುತ್ತಾನೆ. ಎರೆ ತೆಗೆದು ಮುರುಮು ತುಂಬಿ ಬಡಿದು ಗಟ್ಟಿ ಮಾಡಿದ ಮೇಲೆಯೇ ದಾರಿ ಹಾಕಬೇಕು. ಮನೆ ಕಟ್ಟುವಾಗ ಊರಿನ ಪ್ರತಿಯೊಬ್ಬ ಗೌಂಡಿಯೂ ಮಾಡುವ ಕೆಲಸವಿದು. ಉದ್ಯಾನಕ್ಕೆ ಬಂದಾಗ ಮಾತ್ರ ಯಾಕೆ ಮರೆಯಬೇಕು?

ಇಲ್ಲಿಯ ಅಂಗವಿಕಲರಲ್ಲಿ ಎಲ್ಲರ ಬಳಿಯೂ ಗಾಲಿಕುರ್ಚಿ ಇರುವುದಿಲ್ಲ. ಕೈಯಿಂದ ತಿರುಗಿಸುವ ಮೂರು ಗಾಲಿಯ ಸೈಕಲ್ಲು ಅನೇಕರಿಗೆ ಕಾಲು. ಸರಕಾರ ಕೊಟ್ಟ ಹೆಚ್ಚುವರಿ ಗಾಲಿಯ ಸ್ಕೂಟರಿನಲ್ಲಿ ಓಡಾಡುವವರೂ ಇದ್ದಾರೆ. ಸೈಕಲ್ಲಿಗೆ ಕುರ್ಚಿಗಿಂತ ಹೆಚ್ಚು ಅಗಲ, ತಿರುಗಲು ಹೆಚ್ಚು ಜಾಗ ಬೇಕು. ಸ್ಕೂಟರು ನಿಲ್ಲಿಸಲು ಬಾಗಿಲ ಬಳಿಯೇ ನೆರಳಿನ ಸ್ಥಳ ಬೇಕು. ಬೆಂಗಳೂರಿನ ನಕ್ಷೆಯನ್ನು ಹಾಗೇ ತಂದು ಇಲ್ಲಿ ಹಚ್ಚಿದರೆ ಸಾಲದು.

ಗವಾಯಿಗಳ ಊರಿನಲ್ಲಿ

ಗದಗಿಗೆ ಈ ವಿಷಯವನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು, ಕಣ್ಣಿಲ್ಲದ ಪುಟ್ಟರಾಜ ಗವಾಯಿಗಳು ಸಾಕಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮ ಇರುವುದು ಇದೇ ಊರಿನಲ್ಲಿ. ಎಲ್ಲಿಯೂ ನೆಲೆ ಸಿಗದ ಅಂಧ ಮಕ್ಕಳಿಗೆ ಇಲ್ಲಿ ಅನ್ನ ಸಿಕ್ಕಿತು, ಸಂಗೀತ ಸಿಕ್ಕಿತು, ನಾಲ್ಕು ಜನರೆದುರು ತಲೆಯೆತ್ತಿ ಕೂಡುವ ವಿದ್ಯೆ ಸಿಕ್ಕಿತು. ಆಶ್ರಮ ನಡೆಸಲು ನಾಟಕ ಕಂಪನಿ ಕಟ್ಟಿ ಊರೂರು ತಿರುಗಿದವರು ಗವಾಯಿಗಳು. ಪುಟ್ಟರಾಜರಿಗೆ 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದಾಗ ಊರಿಗೆ ಊರೇ ಕಣ್ಣೀರಿಟ್ಟಿತು.

ಅಂಥ ಊರಿನ ಉದ್ಯಾನಗಳಲ್ಲಿ ಕೋಲು ಹಿಡಿದು ಒಬ್ಬನೇ ಬರುವ ಅಂಧ ವಿದ್ಯಾರ್ಥಿಗೆ ಏನೇನು ಬೇಕು? ನೆಲದಲ್ಲಿ ಗುರುತಿನ ಫರಸಿ ಬೇಕು. ಉದ್ದ ಗೆರೆಯ ಫರಸಿ ‘ಮುಂದೆ ಹೋಗು’ ಎನ್ನುತ್ತದೆ, ಗುಳ್ಳೆಯ ಫರಸಿ ‘ನಿಲ್ಲು, ಮುಂದೆ ಪಾವಟಿಗೆ ಐತಿ’ ಎನ್ನುತ್ತದೆ. ಇದನ್ನು ಅಂದಕ್ಕೆಂದು ಸಿಕ್ಕಲ್ಲಿ ಹಚ್ಚಿದರೆ ಗಿಡಕ್ಕೆ ಹೋಗಿ ಹಣೆ ಬಡಿಯುತ್ತದೆ. ಕೋಲು ನೆಲವನ್ನು ಮುಟ್ಟುತ್ತದೆಯೇ ಹೊರತು ಮುಖದೆತ್ತರಕ್ಕೆ ಜೋತುಬಿದ್ದ ಟೊಂಗೆಯನ್ನಲ್ಲ. ಟೊಂಗೆ ಕಡಿಯಲು ಟೆಂಡರು ಬೇಕೇ? ಗಟಾರದ ಮೇಲೆ ಮುಚ್ಚಳ ಹಾಕಲು ಮಂತ್ರಿಗಳು ಬರಬೇಕೇ?

ಕಕ್ಕಸಿನ ವಿಷಯ ಬರೆಯಲು ಕೆಲವರಿಗೆ ಸಂಕೋಚ. ಆದರೆ ಹೆಣ್ಣುಮಕ್ಕಳು ಮನೆಯಿಂದ ಹೊರಡುವ ಮೊದಲು ನೀರು ಕುಡಿಯದೇ ಬರುವುದು ಅದೇ ಕಾರಣಕ್ಕೆ. ಬಾಗಿಲು ಹೊರಗೆ ತೆರೆಯಬೇಕು, ಕುರ್ಚಿ ಒಳಗೆ ತಿರುಗಬೇಕು, ಗೋಡೆಗೆ ಹಿಡಿಕೆ ಇರಬೇಕು. ಇಷ್ಟೆಲ್ಲ ಮಾಡಿ, ನಂತರ ಬೀಗ ಜಡಿದು ಒಳಗೆ ಕಸಬರಿಗೆ, ಪೈಪು ತುಂಬಿಡುವ ಕೋಣೆ ಮಾಡಿದರೆ ಏನು ಬಂತು?

ಕಾನೂನು ಏನು ಹೇಳುತ್ತದೆ?

ಇದು ದಾನವಲ್ಲ, ದಯೆಯಲ್ಲ. 1995ರಲ್ಲೇ ಅಂಗವಿಕಲರಿಗಾಗಿ ಕಾನೂನು ಬಂದಿತ್ತು. ಅದರ ಜಾಗದಲ್ಲಿ ಬಂದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಹಳೆಯ ಕಾನೂನು ಏಳು ಬಗೆಯ ವೈಕಲ್ಯವನ್ನು ಗುರುತಿಸಿದ್ದರೆ ಹೊಸದು 21 ಬಗೆಯನ್ನು ಗುರುತಿಸಿತು. ಆಗಲೇ ಇರುವ ಸಾರ್ವಜನಿಕ ಕಟ್ಟಡಗಳನ್ನು, ನಿಯಮ ಹೊರಟ ದಿನದಿಂದ ಐದು ವರ್ಷದೊಳಗೆ, ಎಲ್ಲರೂ ಬಳಸುವಂತೆ ತಿದ್ದಬೇಕು ಎಂದಿತು. ನಿಯಮ ಹೊರಟಿದ್ದು 2017ರ ಜೂನ್‌ನಲ್ಲಿ. ಗಡುವು 2022ರ ಜೂನ್‌ಗೇ ಮುಗಿದಿದೆ! ಕಾಯಿದೆ ಮೀರಿದವರಿಗೆ ಮೊದಲ ಸಲ 10,000 ರೂಪಾಯಿಯವರೆಗೆ, ಮತ್ತೆ ಮೀರಿದರೆ 50,000 ರೂಪಾಯಿಯಿಂದ 5 ಲಕ್ಷದವರೆಗೆ ದಂಡವಿದೆ.

ದೃಷ್ಟಿದೋಷವಿದ್ದ ರಾಜೀವ್ ರಾತುರಿ ಎಂಬುವರು 2005ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ಅದೇ ಪ್ರಕರಣದಲ್ಲಿ 2024ರ ನವೆಂಬರ್ 8ರಂದು ಕೋರ್ಟು ಖಡಾಖಂಡಿತವಾಗಿ ಹೇಳಿದ್ದು ಇಷ್ಟು: ಪಾಲಿಸಿದರೆ ಪಾಲಿಸಿ ಎನ್ನುವಂಥ ಸಲಹೆಗಳು ಸಾಲವು, ಕಡ್ಡಾಯವಾಗಿ ಪಾಲಿಸಲೇಬೇಕಾದ ನಿಯಮ ಮಾಡಿರಿ.

2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13 ಲಕ್ಷ 24 ಸಾವಿರ. ಅದು ಹಳೆಯ ಲೆಕ್ಕ. ಅವರಲ್ಲಿ ಎಷ್ಟು ಜನ ಸಂಜೆಯ ಗಾರ್ಡನ್ನಿನಲ್ಲಿ ಕಾಣುತ್ತಾರೆ? ‘ಅಂಥಾವ್ರು ಯಾರೂ ಬರೂದಿಲ್ರೀ, ಯಾರಿಗೆ ಮಾಡೂದು?’ ಎಂಬ ಮಾತು ಕೇಳಿಬರುತ್ತದೆ. ಸೇತುವೆ ಇಲ್ಲದ ಹಳ್ಳದಲ್ಲಿ ಗಾಡಿ ಓಡಾಡುವುದಿಲ್ಲ ಎಂದು ಸೇತುವೆ ಬೇಡವೆನ್ನುತ್ತಾರೆಯೇ?

ಬೇರೆ ಕಡೆ ಆಗಿದೆ

ಬೆಂಗಳೂರಿನಲ್ಲಿ ವಿಶೇಷ ಅಗತ್ಯದ ಮಕ್ಕಳ ತಂದೆ-ತಾಯಿಗಳು ‘ಕಿಲಿಕಿಲಿ’ ಎಂಬ ಸಂಸ್ಥೆ ಕಟ್ಟಿಕೊಂಡರು. ಅಂದಿನ ಮಹಾನಗರ ಪಾಲಿಕೆಯ ಜೊತೆ ಸೇರಿ ಫ್ರೇಜರ್ ಟೌನಿನ ಕೋಲ್ಸ್ ಪಾರ್ಕ್, ರಾಜಾಜಿನಗರದ ಗಾಯತ್ರಿದೇವಿ ಪಾರ್ಕ್, ಬಸವನಗುಡಿಯ ಎಂ.ಎನ್. ಕೃಷ್ಣರಾವ್ ಪಾರ್ಕುಗಳಲ್ಲಿ ಎಲ್ಲ ಮಕ್ಕಳೂ ಕೂಡಿ ಆಡುವ ಜಾಗ ಮಾಡಿಸಿದರು. ಅಲ್ಲಿ ಗಮನಿಸಬೇಕಾದ್ದೆಂದರೆ ಅಂಗವಿಕಲ ಮಕ್ಕಳಿಗೆ ಬೇರೆ ಮೂಲೆ, ಬೇರೆ ಬೇಲಿ ಹಾಕಲಿಲ್ಲ. ಅದೇ ಅಂಗಳದಲ್ಲಿ ಎಲ್ಲರೂ.

ಚೆನ್ನೈನಲ್ಲಿ 2022ರ ನವೆಂಬರಿನಲ್ಲಿ ಮರೀನಾ ಬೀಚಿನ ಉಸುಕಿನ ಮೇಲೆ ಸಮುದ್ರದ ದಿಕ್ಕಿಗೆ ಕಟ್ಟಿಗೆಯ ದಾರಿ ಹಾಕಿದರು. ಗಾಲಿಕುರ್ಚಿಯಲ್ಲಿ ಕುಳಿತವರು ನೀರಿನ ಹತ್ತಿರ ಹೋದರು. ಮರು ತಿಂಗಳೇ ಚಂಡಮಾರುತ ಬಂದು ಅದನ್ನು ಕೆಡಿಸಿತು. ದುರಸ್ತಿ ಮಾಡಿ ಮತ್ತೆ ಬಿಟ್ಟರು. ಕಟ್ಟುವುದಕ್ಕೆ ಒಂದು ದಿನದ ಉದ್ಘಾಟನೆ ಸಾಕು, ಕಾಯುವುದಕ್ಕೆ ವರ್ಷಪೂರ್ತಿ ಆಸ್ಥೆ ಬೇಕು.

ಹಣ ಎಲ್ಲಿಂದ?

‘ಅನುದಾನ ಇಲ್ರೀ’ ಎಂಬುದು ಕಚೇರಿಗಳ ಹಳೆಯ ರಾಗ. ಸ್ಥಳೀಯ ಸಂಸ್ಥೆಗಳು ತಮ್ಮ ಆದಾಯದಲ್ಲಿ ಶೇಕಡಾ 5ನ್ನು ವಿಕಲಚೇತನರ ಕಲ್ಯಾಣಕ್ಕೆ ತೆಗೆದಿಡಬೇಕೆಂಬ ನಿಯಮ ರಾಜ್ಯದಲ್ಲಿದೆ. ಅದು ಎಷ್ಟಾಯಿತು, ಯಾವುದಕ್ಕೆ ಹೋಯಿತು ಎಂದು ಕೇಳುವ ಹಕ್ಕು ವಾರ್ಡಿನ ಪ್ರತಿಯೊಬ್ಬರಿಗೂ ಇದೆ. ಅದನ್ನು ಮುಟ್ಟದಿದ್ದರೂ ಚಿಂತೆಯಿಲ್ಲ. ಸ್ಪ್ರಿಂಗ್ ಬಾಗಿಲು, ಟೊಂಗೆ ಕಡಿತ, ಗಟಾರದ ಮುಚ್ಚಳ, ಬೆಂಚಿನ ಪಕ್ಕ ಕುರ್ಚಿಗೊಂದು ಜಾಗ ಇವೆಲ್ಲ ಉದ್ಯಾನದ ದಿನನಿತ್ಯದ ನಿರ್ವಹಣೆಯ ಕೆಲಸಗಳು.

ಲಾಭವೂ ಅಂಗವಿಕಲರಿಗೆ ಮಾತ್ರ ಅಲ್ಲ. ಮೊಣಕಾಲು ಹಿಡಿದ ಅಜ್ಜ, ತುಂಬು ಬಸುರಿ, ಕೂಸಿನ ಗಾಡಿ ನೂಕುವ ತಾಯಿ, ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವ ಎಲ್ಲರಿಗೂ ಅದೇ ಇಳಿಜಾರು. ಇಂದು ಮೂರು ಪಾವಟಿಗೆ ಒಂದೇ ಜಿಗಿತಕ್ಕೆ ಹತ್ತುವವನಿಗೂ ನಾಳೆ ಎಪ್ಪತ್ತು ವರ್ಷ ಆಗಲಿದೆ.

ನಗರಸಭೆಯ ಎಂಜಿನಿಯರು, ವಿಕಲಚೇತನರ ಇಲಾಖೆಯವರು, ಜೊತೆಗೆ ಗಾಲಿಕುರ್ಚಿಯ ಒಬ್ಬರು, ಕೋಲು ಹಿಡಿಯುವ ಒಬ್ಬರು ಒಂದು ಟೇಪು ಹಿಡಿದು ಅವಳಿ ಊರಿನ ಉದ್ಯಾನಗಳನ್ನು ಒಂದು ಸುತ್ತು ಹಾಕಲಿ. ಗೇಟಿನ ಅಗಲ, ಪಾವಟಿಗೆಯ ಎತ್ತರ, ಕಕ್ಕಸಿನ ಬಾಗಿಲು ಅಳೆದು ಬರೆದುಕೊಳ್ಳಲಿ. ಬರೆದದ್ದನ್ನು ಗೇಟಿಗೆ ಅಂಟಿಸಲಿ, ಯಾವ ತಾರೀಖಿನೊಳಗೆ ಸರಿಪಡಿಸುತ್ತಾರೆಂಬುದನ್ನೂ ಕೆಳಗೆ ಬರೆಯಲಿ. ಆಗದಿದ್ದರೆ ಅಂಗವಿಕಲರ ಹಕ್ಕು ನೋಡಿಕೊಳ್ಳುವ ರಾಜ್ಯ ಆಯುಕ್ತರು ಬೆಂಗಳೂರಿನಲ್ಲಿದ್ದಾರೆ, ನೊಂದವರು ಅವರಿಗೆ ಅರ್ಜಿ ಹಾಕಬಹುದು.

ಮುಂದಿನ ಸಲ ಮಲ್ಲಸಮುದ್ರದ ದವಾಖಾನೆಗೆ ಬರುವ ಆ ಹುಡುಗ ಗೇಟಿನ ಹೊರಗೆ ಕೂಡಬೇಕೋ, ಒಳಗೆ ಬೇವಿನ ನೆರಳಿಗೆ ಹೋಗಬೇಕೋ? ಸಂಬಂಧಪಟ್ಟವರು ಉತ್ತರಿಸಲಿ.