ಗುಂಡಿಗಳಿಗೊಂದು ಹಲಗೆ

ಗಣಕದ ತೆರೆಯ ಮೇಲಣ ಕಿಟಕಿಯಲ್ಲಿ ಗುಂಡಿಗಳು ಒಪ್ಪವಾಗಿ ನಿಂತಿರುವುದನ್ನು ವಾಚಕರು ನಿತ್ಯವೂ ಕಾಣುತ್ತಾರಷ್ಟೆ. ಅವುಗಳನ್ನು ಹಾಗೆ ನಿಲ್ಲಿಸುವುದು ಹೇಗೆ? ‘ಎಡದಿಂದ 100 ಪಿಕ್ಸೆಲ್, ಮೇಲಿನಿಂದ 40’ ಎಂದು ಒಂದೊಂದಕ್ಕೂ ಸ್ಥಾನವನ್ನು, ಅಳತೆಯನ್ನು ಗೊತ್ತುಮಾಡಬಹುದು. ಆದರೆ ಇಂಗ್ಲಿಷಿನ ‘ಸೇವ್’ ಎಂಬುದಕ್ಕಾಗಿ ಅಳೆದ ಗುಂಡಿಯಲ್ಲಿ ‘ಉಳಿಸಿಕೊಳ್ಳಿ’ ಎಂಬುದು ಹಿಡಿಸೀತೆ? ಪದದ ಬಾಲವು ಕತ್ತರಿಸಿಹೋಗುತ್ತದೆ. ಕಿಟಕಿಗಳಿಗೆ ಕನ್ನಡವನ್ನು ತರಹೊರಟವರಿಗೆ ಇದು ಸಣ್ಣ ತೊಡಕಲ್ಲ.

1998ರ ಡಿಸೆಂಬರಿನಲ್ಲಿ ಜಾವಾ ಭಾಷೆಯ 1.2ನೆಯ ಆವೃತ್ತಿಯೊಡನೆ ಬಂದ ಸ್ವಿಂಗ್ ಎಂಬ ಸಾಧನದಲ್ಲಿ ಈ ಹೊಣೆಯು ‘ಲೇಔಟ್ ಮ್ಯಾನೇಜರ್’ ಎಂಬುದರದು. ಅದನ್ನು ಮೇಸ್ತ್ರಿ ಎನ್ನೋಣ. ಮೇಸ್ತ್ರಿಯು ‘ನಿನಗೆಷ್ಟು ಜಾಗ ಬೇಕು?’ ಎಂದು ಪ್ರತಿಯೊಂದು ಗುಂಡಿಯನ್ನೂ ವಿಚಾರಿಸಿ ಸ್ಥಳವನ್ನು ಹಂಚುತ್ತಾನೆ. ‘ಬಾರ್ಡರ್‌ಲೇಔಟ್’ ಎಂಬ ಮೇಸ್ತ್ರಿಯು ಕಿಟಕಿಯನ್ನು ನಾಲ್ಕು ದಿಕ್ಕು, ಒಂದು ನಡು ಎಂದು 5 ಭಾಗ ಮಾಡುತ್ತಾನೆ. ಆದರೆ ಭಾಗಕ್ಕೆ ಒಂದೇ ವಸ್ತು! ದಕ್ಷಿಣಕ್ಕೆ ಎರಡು ಗುಂಡಿಗಳನ್ನು ಸೇರಿಸಿದರೆ ಎರಡನೆಯದು ಮಾತ್ರ ಕಾಣುತ್ತದೆ. ಹೊಸಬರು ಮೊದಲನೆಯದನ್ನು ಹುಡುಕಿ ಬೇಸರಗೊಳ್ಳುವುದು ಇಲ್ಲಿಯೇ.

ಆಗ ನೆರವಿಗೆ ಬರುವುದು ‘ಪ್ಯಾನೆಲ್’ ಎಂಬ ಬರಿಯ ಹಲಗೆ. ಅದು ತಾನೂ ಒಂದು ವಸ್ತು; ಇತರ ವಸ್ತುಗಳನ್ನು ಹೊರಬಲ್ಲುದು ಕೂಡ. ಎರಡೂ ಗುಂಡಿಗಳನ್ನು ಅದರಲ್ಲಿಟ್ಟು, ಹಲಗೆಯನ್ನೇ ದಕ್ಷಿಣಕ್ಕೆ ಸೇರಿಸಿದರೆ ಕಿಟಕಿಯ ಲೆಕ್ಕದಲ್ಲಿ ಒಂದೇ ವಸ್ತುವಾಯಿತು. ಒಳಗಿನ ಗುಂಡಿಗಳನ್ನು ಹಲಗೆಯ ಸ್ವಂತ ಮೇಸ್ತ್ರಿಯು ಸಾಲಾಗಿ ನಿಲ್ಲಿಸುತ್ತಾನೆ. ಗುಂಡಿಯ ಪದವು ಉದ್ದವಾದರೆ ಹಲಗೆಯು ಕೇಳುವ ಜಾಗವೂ ಹೆಚ್ಚುತ್ತದೆ. ‘ಪ್ಯಾಕ್’ ಎಂದು ಆಜ್ಞೆಯಿತ್ತರೆ ಕಿಟಕಿಯೇ ಅದಕ್ಕೆ ತಕ್ಕಂತೆ ಅಗಲವಾಗುತ್ತದೆ.

ಕ್ಯಾಲ್ಕುಲೇಟರೊಂದನ್ನು ಹೀಗೆ ಕಟ್ಟಿ ನೋಡಬಹುದು. ಉತ್ತರ ದಿಕ್ಕಿನಲ್ಲಿ ಉತ್ತರವನ್ನು ತೋರುವ ಪಟ್ಟಿ (ಶ್ಲೇಷೆಯು ತಾನಾಗಿ ಬಂದುದು!), ನಡುವಿನ ಹಲಗೆಯಲ್ಲಿ ‘ಗ್ರಿಡ್‌ಲೇಔಟ್’ ನಿಲ್ಲಿಸಿದ, ಸಾಲಿಗೆ ನಾಲ್ಕರಂತೆ 16 ಗುಂಡಿಗಳು. ಕಿಟಕಿಯನ್ನು ಹಿಗ್ಗಿಸಿದರೆ ಪಟ್ಟಿಯ ಎತ್ತರವು ಬದಲಾಗದು. ಹದಿನಾರು ಗುಂಡಿಗಳೂ ಸಮನಾಗಿ ಬೆಳೆಯುತ್ತವೆ.