ಕೊಟ್ಟ ಹೆಣ್ಣಿಗೂ ತವರಿನಲ್ಲಿ ಪಾಲಿದೆ

‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆಯನ್ನೇ ಕಾನೂನು ಎಂದು ನಂಬಿದವರು ಇವತ್ತಿಗೂ ಊರೂರಲ್ಲಿ ಇದ್ದಾರೆ. ಪಾಲಿನ ಮಾತೆತ್ತಿದರೆ ಸಾಕು, ‘ಅವಳಿಗೆ ಮದುವೆ ಮಾಡಿ ಕೊಟ್ಟಾಯ್ತು, ಒಡವೆ ಹಾಕಿದ್ದೂ ಆಯ್ತು, ಇನ್ನೇನು ಕೊಡೋದು?’ ಎಂದು ಅಣ್ಣತಮ್ಮಂದಿರು ಬಾಯಿ ಮುಚ್ಚಿಸುತ್ತಾರೆ. ಓದಿಕೊಂಡವರೂ ಇದನ್ನೇ ಹೇಳುವಾಗ ಸಿಟ್ಟು ತಡೆಯಲಾಗುವುದಿಲ್ಲ. ಮದುವೆಯ ಖರ್ಚು ಆಸ್ತಿಯ ಪಾಲಲ್ಲ. ಮಗನ ಇಂಜಿನಿಯರಿಂಗ್ ಸೀಟಿಗೆ ಸುರಿದ ದುಡ್ಡನ್ನು ಅವನ ಪಾಲಿನಲ್ಲಿ ಯಾರಾದರೂ ಕಳೆದಿದ್ದಾರೆಯೇ?

ಅಪ್ಪ ತಾನೇ ದುಡಿದು ಗಳಿಸಿದ ಆಸ್ತಿಗೆ ಉಯಿಲು ಬರೆಯದೆ ತೀರಿಕೊಂಡರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಮಗಳಿಗೆ ಮದುವೆ ಆಗಿದೆಯೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಇದು ಇತ್ತೀಚಿನ ಮಾತಲ್ಲ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ಇದೆ.

ಗೊಂದಲವೆಲ್ಲ ಪಿತ್ರಾರ್ಜಿತದ್ದು. ನಮ್ಮ ರಾಜ್ಯ 1994ರಲ್ಲಿ ತಿದ್ದುಪಡಿ ತಂದು ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಆ ವರ್ಷ ಜುಲೈ 30ಕ್ಕೆ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. ಹಿರಿಯರ ನೆನಪಿನಲ್ಲಿ ಉಳಿದಿರುವುದು ಈ ಕಾನೂನೇ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಆ ಭೇದವನ್ನು ಅಳಿಸಿಹಾಕಿತು. ಆಮೇಲೆ ಹೊಸ ನೆಪ ಹುಟ್ಟಿತು: ‘ಅಪ್ಪ 2005ಕ್ಕೂ ಮೊದಲೇ ಹೋಗಿಬಿಟ್ಟರು, ಹಾಗಾಗಿ ಅವಳಿಗಿಲ್ಲ.’ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ತಳ್ಳಿಹಾಕಿತು. ಹಕ್ಕು ಹುಟ್ಟಿನಿಂದ ಬಂದದ್ದು, ತಿದ್ದುಪಡಿಯ ದಿನ ಅಪ್ಪ ಬದುಕಿರಬೇಕಾಗಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಣಿಯಾದ ಪಾಲುಪತ್ರವೋ ಕೋರ್ಟಿನ ಡಿಕ್ರಿಯೋ ಇದ್ದರೆ ಮಾತು ಬೇರೆ. ‘ಆಗಲೇ ಬಾಯಿಮಾತಲ್ಲಿ ಪಾಲಾಗಿತ್ತು’ ಎಂಬುದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ.

ಇಷ್ಟಾದರೂ ಹಕ್ಕು ತಪ್ಪುವುದು ಎಲ್ಲಿ ಎಂದರೆ ವಂಶವೃಕ್ಷದಲ್ಲಿ. ಪೌತಿ ಖಾತೆಗೆ ಅರ್ಜಿ ಕೊಡುವಾಗ ಗಂಡುಮಕ್ಕಳ ಹೆಸರನ್ನಷ್ಟೇ ಬರೆಸಿ, ಅಫಿಡವಿಟ್ಟಿಗೆ ಸಹಿ ಹಾಕಿಬಿಡುತ್ತಾರೆ. ಅದೇ ಅಪ್ಪನಿಗೆ ಹುಟ್ಟಿದ, ಅದೇ ಮನೆಯಲ್ಲಿ ಬೆಳೆದ ಮಗಳು ಕಾಗದದ ಮೇಲೆ ಹುಟ್ಟೇ ಇಲ್ಲ! ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಹಕ್ಕೇ ಹೋಯಿತು ಎಂದು ಅವಳೂ ನಂಬುತ್ತಾಳೆ. ಅದೂ ಸುಳ್ಳು. ಖಾತೆ, ಪಹಣಿ ಕಂದಾಯದ ಲೆಕ್ಕಕ್ಕಿರುವ ದಾಖಲೆಗಳು, ಅವು ಮಾಲೀಕತ್ವವನ್ನು ಕೊಡುವುದೂ ಇಲ್ಲ, ಕಿತ್ತುಕೊಳ್ಳುವುದೂ ಇಲ್ಲ.

ಇಂಥ ಸುಳ್ಳುಗಳು ಇನ್ನೂ ಇವೆ. ಬ್ಯಾಂಕಿನಲ್ಲಿ ನಾಮಿನಿ ಆದವನೇ ಹಣದ ಒಡೆಯ ಎನ್ನುತ್ತಾರೆ, ಅವನು ಹಣ ಪಡೆದು ವಾರಸುದಾರರಿಗೆ ಹಂಚಬೇಕಾದವನು ಅಷ್ಟೆ. ಉಯಿಲು ರಿಜಿಸ್ಟರ್ ಆಗಲೇಬೇಕು ಎನ್ನುತ್ತಾರೆ, ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು, ನೋಂದಣಿ ಕಡ್ಡಾಯವಲ್ಲ. ಅಪ್ಪನ ಸಾಲವನ್ನು ಮಕ್ಕಳು ತಮ್ಮ ಸಂಬಳದಿಂದ ತೀರಿಸಬೇಕು ಎನ್ನುತ್ತಾರೆ, ಜಾಮೀನು ನಿಲ್ಲದಿದ್ದರೆ ಅಪ್ಪನಿಂದ ಬಂದ ಆಸ್ತಿಯ ಮಟ್ಟಿಗಷ್ಟೇ ಹೊಣೆ.

ನಾವು ಪಂಚಾಯಿತಿ ಕಟ್ಟೆಯ ಮಾತನ್ನು ನಂಬುವಷ್ಟು ಕಾಯ್ದೆಯನ್ನು ನಂಬುವುದಿಲ್ಲ. ಒಂದು ಸುಳ್ಳನ್ನು ನಾಲ್ಕು ಜನ ಗಟ್ಟಿಯಾಗಿ ಹೇಳಿದರೆ ಅದೇ ಪದ್ಧತಿಯಾಗುತ್ತದೆ, ಪದ್ಧತಿಯನ್ನು ಪ್ರಶ್ನಿಸಿದವಳು ತವರಿಗೆ ಕೆಟ್ಟವಳಾಗುತ್ತಾಳೆ. ಗೌರಿ ಹಬ್ಬದ ಬಾಗಿನ ನಿಂತುಹೋದೀತು ಎಂಬ ಹೆದರಿಕೆಗೇ ಎಷ್ಟೋ ಹೆಣ್ಣುಮಕ್ಕಳು ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಓದದೆಯೇ ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ.

ಪ್ರೀತಿಯಿಂದ ಬಿಟ್ಟುಕೊಡುವುದಾದರೆ ಬಿಟ್ಟುಕೊಡಿ, ಅದು ನಿಮ್ಮ ಇಷ್ಟ. ಆದರೆ ಹಕ್ಕೇ ಇಲ್ಲವೆಂದು ನಂಬಿ ಸಹಿ ಹಾಕಬೇಡಿ. ನೋಂದಣಿಯಾದ ಆ ಪತ್ರವನ್ನು ಆಮೇಲೆ ರದ್ದು ಮಾಡಿಸುವುದು ಬಹಳ ಕಷ್ಟ. ಅದಕ್ಕೆ ಮೊದಲೇ ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಅಲ್ಲಿ ಹೆಣ್ಣುಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ.